ಅಳಿಯ ‘ರೀ’ ಅಂದ ಮೇಲೆ

ನನಗೆ ಮೊಮ್ಮಗಳು ಹುಟ್ಟಿದಾಳೆ! ತಲೆ ತುಂಬ ಕೂದಲು. ಬೆರಳು ನಮ್ಮ ಮಗಳವು, ಉದ್ದುದ್ದ. ಮೂಗು ಮಾತ್ರ ಅವರಪ್ಪನ ಮನೆಯದು, ಅಗಲ. ಇರಲಿ, ಮೂಗು ಯಾರದಾದರೇನು, ಅದರಲ್ಲಿ ಉಸಿರು ಆಡಿತಲ್ಲ, ನನಗೆ ಅಷ್ಟು ಸಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಇನ್ನು ಮುಂದೆ ಬರೆಯುವುದೆಲ್ಲ ಅಂಜಿಕೆಯ ಮಾತು. ಓದುವವರು ನನ್ನ ಹಾಗೆ ಎದೆ ಹಿಡಿದುಕೊಂಡು ಕೂಡಬಾರದು. ಕೂಸು ಚೆನ್ನಾಗಿದೆ, ತಾಯಿ ಚೆನ್ನಾಗಿದ್ದಾಳೆ. ಈಗ ಓದಿರಿ.

ನಾನು ಓದಿದ್ದು ನಾಲ್ಕನೇ ಇಯತ್ತೆ, ಡಿ. ಹಿರೇಹಾಳ್ ಹತ್ತಿರದ ಕನ್ನಡ ಶಾಲೆಯಲ್ಲಿ. ತೆಲುಗು ಮಾತಾಡುತ್ತೇನೆ, ಸಂತೆಯಲ್ಲಿ ಜಗಳವನ್ನೂ ಆಡುತ್ತೇನೆ, ಓದಲು ಮಾತ್ರ ಬರುವುದಿಲ್ಲ. ಕೂಸು ಹುಟ್ಟಿದಾಗಿನಿಂದ ಓಣಿಯಲ್ಲಿ ಸಿಕ್ಕಿದವರಿಗೆಲ್ಲ ಈ ಕಥೆ ಹೇಳುತ್ತಿದ್ದೇನೆ. ಮಗಳೇ ಹೇಳಿದಳು, “ಅವ್ವ, ನೀ ಹೇಳಿದ್ದ ಹೇಳ್ತಿ, ಕೇಳಿದಾರ ಕೇಳ್ತಾರ. ಒಂದ್ಸಲ ಬರ್ದಿಡು, ನಿನ್ನ ಬಾಯಿಗೂ ವಿಶ್ರಾಂತಿ, ನಮ್ಮ ಕಿವಿಗೂ ವಿಶ್ರಾಂತಿ” ಅಂತ. ಅದಕ್ಕೆ ಬರೆಯುತ್ತಿದ್ದೇನೆ.

ನಾವು ರಾಯದುರ್ಗದವರು. ಮಗಳನ್ನು ಕೊಟ್ಟಿದ್ದು ಮಡಕಶಿರಾ ಕಡೆಗೆ. ಎರಡೂ ಆಂಧ್ರವೇ, ಎರಡೂ ಮನೆಯಲ್ಲಿ ಮಾತು ಕನ್ನಡವೇ. ಆದರೆ ಬಸ್ಸಿನಲ್ಲಿ ಹೋಗಬೇಕಾದರೆ ಕಲ್ಯಾಣದುರ್ಗಕ್ಕೆ ಹೋಗಿ, ಪಾವಗಡದಲ್ಲಿ ಕರ್ನಾಟಕದೊಳಗೆ ಹೊಕ್ಕು, ಮತ್ತೆ ಆಂಧ್ರಕ್ಕೆ ಹೊರಬರಬೇಕು. ದೂರ ಆಯಿತು ಅಂತ ನಾನು ಗೊಣಗಿದೆ. ನಮ್ಮ ಮನೆಯವರು, “ದೂರ ಆದ್ರೇನು, ಮಾತು ಒಂದ ಐತಲ್ಲ, ಹೊಂದ್ಕೊಂಡು ಹೋಗತೈತಿ” ಅಂದರು. ತೊಂದರೆ ಎಲ್ಲ ಆ ಮಾತಿನಲ್ಲೇ ಇತ್ತು ಅಂತ ಆಗ ಯಾರಿಗೆ ಗೊತ್ತು?

ಮದುವೆಯ ದಿನವೇ ಅದು ಸುರುವಾಯಿತು. ಊಟದ ಪಂಕ್ತಿಯಲ್ಲಿ ಬೀಗರು, ಅಂದರೆ ಅಳಿಯನ ಅಪ್ಪ, ನಮ್ಮ ಮನೆಯವರ ಹೆಗಲ ಮೇಲೆ ಕೈ ಹಾಕಿ, “ಬಾರಯ್ಯ ಬೀಗ, ಕುತ್ಕ. ಉಣ್ಣು, ನಾಚ್ಕಬ್ಯಾಡ” ಅಂದರು. ನಮ್ಮವರೋ, ಹಾಲು ಹಾಕಲು ಬರುವ ಹುಡುಗನಿಗೂ ‘ಬರ್ರಿ’ ಅನ್ನುವ ಮನುಷ್ಯ. ಅವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮನೆಗೆ ಬಂದ ಮೇಲೆ ಟವೆಲ್ಲು ಕೊಡವಿ, “ನಾ ಏನ್ ಅವನ ಆಳೇನು? ಅಷ್ಟು ಮಂದಿ ಮುಂದ ‘ಉಣ್ಣು’ ಅಂತಾನ! ‘ಉಣ್ರಿ’ ಅಂದ್ರ ಅವನ ನಾಲಿಗಿ ಸವೀತಿತ್ತೇನು?” ಅಂತ ಕೂಗಾಡಿದರು.

ಅತ್ತ ಮಡಕಶಿರಾದಲ್ಲಿ ನನ್ನ ಮಗಳು ನಾನು ಕಲಿಸಿದಂತೆ ಅತ್ತೆಗೆ “ಬರ್ರಿ, ಕುಂದ್ರಿ, ಉಣ್ರಿ” ಅನ್ನುತ್ತಿದ್ದಳು. ಬೀಗಿತ್ತಿ ಪಕ್ಕದ ಮನೆಯವಳ ಹತ್ತಿರ ಕಣ್ಣೊರೆಸಿಕೊಂಡಳಂತೆ: “ನಮ್ ಸೊಸೆ ನನ್ನ ತಾಸಿಲ್ದಾರಮ್ಮನ್ನ ಮಾತಾಡ್ಸಿದಂಗೆ ಮಾತಾಡ್ಸ್ತಾಳೆ ಕಣಕ್ಕ. ಏನ್ ತಪ್ಪು ಮಾಡಿದ್ವೋ ಏನೋ, ಒಳಕ್ಕೇ ಬಿಟ್ಕಣ್ತಿಲ್ಲ.” ಅವರ ಕಡೆ ಹತ್ತಿರದವರಿಗೆ ‘ನೀನು’, ದೂರದವರಿಗೆ ‘ನೀವು’. ನಮ್ಮ ಕಡೆ ಮರ್ಯಾದೆ ಇದ್ದರೆ ‘ರಿ’, ಇಲ್ಲದಿದ್ದರೆ ಇಲ್ಲ. ಮಗಳು ಎರಡು ಮನೆಗೂ ಹೇಳಿ ಹೇಳಿ ಸಾಕಾದಳು. ಕೇಳಿಸಿಕೊಳ್ಳುವವರು ಯಾರು?

ಇದನ್ನೆಲ್ಲ ಮರೆಸಿದ್ದು ಒಂದು ಫೋನಿನ ಆಟ ಅಂದರೆ ನಂಬುತ್ತೀರೇನು? ನನ್ನ ಮಗ ಜೀನ್ಸ್ ಪ್ಯಾಂಟು ಹೊಲಿಯುವ ಘಟಕದಲ್ಲಿ ಕೆಲಸಕ್ಕಿದ್ದಾನೆ, ಮಗಳಿಗಿಂತ ದೊಡ್ಡವನು. ಅಳಿಯ ರೇಷ್ಮೆ ಹುಳ ಸಾಕುತ್ತಾನೆ. ಇಬ್ಬರೂ ಕೆಲಸ ಮುಗಿಸಿ, ಸಂಜೆ ಇವನು ಇಲ್ಲಿ, ಅವನು ಅಲ್ಲಿ, ಫೋನು ಹಿಡಿದು ಕೂಡುತ್ತಿದ್ದರು. ಬಂದೂಕಿನ ಆಟ. ಒಂದು ಟೀಮಿನಲ್ಲಿ ನಾಲ್ಕು ಜನ. ಮಗ ಲೀಡರು. ಫೋನಿನೊಳಗಿಂದ ಅಳಿಯನ ದನಿ ಪಡಸಾಲೆಗೆಲ್ಲ ಕೇಳುತ್ತಿತ್ತು: “ಭಾವ, ಹಿಂದೆ ನೋಡೋ! ಅಯ್ಯೋ, ಹಿಂದೆ ಕಣೋ ಭಾವ!” ಮೊದಲ ದಿನ ನಾನು ಹಾವು ಬಂತೋ ಅಂತ ಕಸಬರಿಗೆ ಹಿಡಿದು ಓಡಿ ಬಂದಿದ್ದೆ.

“ಏನೋ ಅದು, ಅಳಿಯ ನಿನಗ ‘ನೋಡೋ’ ಅಂತಾನ, ನೀ ನಗ್ತೀಯಲ್ಲ?” ಅಂತ ಕೇಳಿದೆ.

“ಅವ್ವ, ಗುಂಡು ಬರ್ತಿರ್ತೈತಿ. ‘ಸ್ವಲ್ಪ ಹಿಂದ ನೋಡ್ರಿ ಭಾವಾರ’ ಅನ್ನೋದ್ರಾಗ ಸತ್ತ ಹೋಗಿರ್ತೀನಿ” ಅಂದ ಮಗ.

ನಗುತ್ತಿದ್ದರು ಇಬ್ಬರೂ. ಆ ನಗು ಕೇಳಿ ನಾನು ಒಳಗೆ ರೊಟ್ಟಿ ಬಡಿಯುತ್ತ ದೇವರಿಗೆ ಕೈ ಮುಗಿಯುತ್ತಿದ್ದೆ.

ಒಂದು ಭಾನುವಾರ ಆ ನಗು ನಿಂತಿತು. ಆ ಆಟದಲ್ಲಿ ಗುಂಡು ತಿಂದು ಬಿದ್ದವನು ಕೂಡಲೇ ಸಾಯುವುದಿಲ್ಲವಂತೆ. ಜೊತೆಯವನು ಬಂದು ಪಕ್ಕದಲ್ಲಿ ಕೂತು ಎತ್ತಿದರೆ ಮತ್ತೆ ಏಳುತ್ತಾನಂತೆ. ನನ್ನ ಮಗ ಬಿದ್ದಿದ್ದ. “ಬಾ, ಎತ್ತು, ಎತ್ತು” ಅಂತ ಕೂಗುತ್ತಿದ್ದ. ಅಳಿಯ ಎತ್ತಲಿಲ್ಲ. ಮುಂದೆ ಹೋಗಿ ಎದುರಿನವರನ್ನು ಹೊಡೆದು ಆಟ ಗೆದ್ದ. ಗೆದ್ದು, “ಭಾವ, ಗೆದ್ವಿ ಕಣೋ!” ಅಂತ ಕುಣಿದ. ಮಗ ಫೋನು ಹಾಸಿಗೆ ಮೇಲೆ ಎಸೆದು ಎದ್ದ.

“ಗೆದ್ರಂತಲ್ಲಪ್ಪ, ಮತ್ತ್ಯಾಕ ಸಿಟ್ಟು?” ಅಂದೆ.

“ಗೆಲ್ಲೋದ್ಯಾರಿಗೆ ಬೇಕಿತ್ತವ್ವ? ನಾ ಬಿದ್ದು ಕರೀತಿದ್ದೆ. ಆಟದಾಗ ಭಾವನ್ನ ಎತ್ತದಾವ ನಾಳೆ ನನ್ನ ತಂಗೀನ ಎತ್ತತಾನೇನು?”

ಅಳಿಯನ ಲೆಕ್ಕ ಬೇರೆ. ಒಬ್ಬ ಗೆದ್ದರೆ ನಾಲ್ವರೂ ಗೆದ್ದಂತೆ, ಭಾವನ ಹೆಸರೂ ಮೇಲೆ ಬರುತ್ತದೆ, ಖುಷಿಪಡುತ್ತಾನೆ ಅಂತ ಅವನು ತಿಳಿದಿದ್ದ. ನನ್ನ ಮಗ ಅವನನ್ನು ಟೀಮಿನಿಂದ ತೆಗೆದುಹಾಕಿದ. ಅವನು ಮಡಕಶಿರಾ ಹುಡುಗರದೇ ಒಂದು ಟೀಮು ಕಟ್ಟಿದ. ಆಮೇಲೆ ಆ ಟೀಮು ಈ ಟೀಮು ಆಡುವುದು, ಬೈಯುವುದು. ಮಗಳು ಆಗ ಬಸುರಿ. “ಆಟ ಅಲ್ಲೇನವ್ವ, ತಣ್ಣಗಾಗ್ತಾರ” ಅಂದಳು. ತಣ್ಣಗಾಗುತ್ತಿದ್ದರೇನೋ. ಅಷ್ಟರಲ್ಲಿ ಎಲೆಕ್ಷನ್ ಬಂತು.

ಪಾರ್ಟಿಗಳ ಹೆಸರು ನಾನು ಬರೆಯುವುದಿಲ್ಲ, ಬರೆದರೆ ಇನ್ನೊಂದು ಜಗಳ. ನಮ್ಮ ಮನೆಯವರು ಒಂದು, ಬೀಗರು ಇನ್ನೊಂದು. ಮದುವೆ ಮಾಡುವಾಗ ಇದು ಗೊತ್ತಿತ್ತು, ಆಗ ನಗೆಯ ಮಾತಾಗಿತ್ತು. ಈಗ ಇಬ್ಬರ ಮಕ್ಕಳೂ ಹೆಗಲಿಗೆ ತಮ್ಮ ತಮ್ಮ ಪಾರ್ಟಿ ಬಣ್ಣದ ಟವೆಲ್ಲು ಹಾಕಿದರು. ಆಟದ ಟೀಮಿನ ಹುಡುಗರೇ ಪಾರ್ಟಿಯ ಹುಡುಗರಾದರು. ನಮ್ಮಲ್ಲಿ ಎಲೆಕ್ಷನ್ ಬಂದರೆ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಅವರು ಚಾ ಕುಡಿಯುವ ಅಂಗಡಿಯಲ್ಲಿ ಇವರು ನೀರೂ ಕುಡಿಯುವುದಿಲ್ಲ. ಗುಂಪು ನಿಂತ ಕಡೆ ನಾನು ಸೆರಗು ಹೊದ್ದುಕೊಂಡು ಗೋಡೆ ಹಿಡಿದು ಹೋಗುತ್ತೇನೆ. ಕಲ್ಲು ಯಾವ ಕಡೆಯಿಂದ ಬರುತ್ತದೋ, ಬರುವ ಕಲ್ಲಿಗೆ ನಮ್ಮ ಪಾರ್ಟಿ ಯಾವುದು ಅಂತ ಗೊತ್ತಿರುತ್ತದೆಯೇ?

ನಮ್ಮ ಮನೆಯಲ್ಲಿ ಮಾಡಿದ ಕುಬಸದ ಶಾಸ್ತ್ರಕ್ಕೆ, ಅಂದರೆ ಸೀಮಂತಕ್ಕೆ, ಅಳಿಯ ಬರಲಿಲ್ಲ. ಹುಳ ಹಣ್ಣಾಗಿವೆ, ಇವತ್ತು ಬಿಟ್ಟರೆ ಗೂಡು ಕಟ್ಟದೆ ಹಾಳಾಗುತ್ತವೆ ಅಂತ ಹೇಳಿ ಕಳಿಸಿದ. “ಹುಳ ಅಲ್ಲ, ಪಾರ್ಟಿ” ಅಂದರು ನಮ್ಮ ಮನೆಯವರು. ಮಗಳಿಗೆ ಹಸಿರು ಬಳೆ ಇಡಿಸಿ, ಹೆರಿಗೆಗೆ ಅಂತ ರಾಯದುರ್ಗದಲ್ಲೇ ಉಳಿಸಿಕೊಂಡೆವು.

ಫಲಿತಾಂಶದ ದಿನ ನಮ್ಮ ಕಡೆಯವರು ಗೆದ್ದರು. ಬೀದಿಯಲ್ಲೆಲ್ಲ ಪಟಾಕಿ. ಮಗಳು ಹೊಟ್ಟೆ ಹಿಡಿದುಕೊಂಡು ಒಳಮನೆಯಲ್ಲಿ ಕೂತಿದ್ದಳು, ಒಂದೊಂದು ಸದ್ದಿಗೂ ಬೆಚ್ಚುತ್ತಿದ್ದಳು. ಮಗ ಬಂದು ಫೋನು ತೋರಿಸಿ, “ನೋಡವ್ವ ನನ್ನ ಸ್ಟೇಟಸ್ಸು” ಅಂದ. ನೋಡಿದೆ. ಬೀಗರ ಫೋಟೋ. ಮದುವೆಯಲ್ಲಿ ನಮ್ಮ ಮನೆಯವರು ಅವರಿಗೆ ಹಾಕಿದ ಹಾರ ಕೊರಳಲ್ಲಿತ್ತು, ಕೆಳಗೆ ತೆಲುಗಿನಲ್ಲಿ ಏನೋ ಬರೆದಿತ್ತು.

“ಚಂದ ಐತಲ್ಲೋ. ಪರವಾಗಿಲ್ಲ, ಬೀಗರ ಫೋಟೋ ಹಾಕೀಯಲ್ಲ, ರಾಜಿ ಆದ್ರೇನು?” ಅಂದೆ ನಾನು. ನಿಜವಾಗಿ ಸಂತೋಷಪಟ್ಟೆ.

ಅವನು ನಕ್ಕ. ಮಗಳು ಎದ್ದು ಬಂದು ಓದಿದಳು. “ಅಣ್ಣ, ಏನ್ ಮಾಡಿದ್ಯೋ! ಅವ್ವ, ‘ಶ್ರದ್ಧಾಂಜಲಿ’ ಅಂತ ಬರದಾನ!”

ಹಾರ ಹಾಕಿದ ಫೋಟೋ, ಕೆಳಗೆ ಶ್ರದ್ಧಾಂಜಲಿ. “ಪಾರ್ಟಿ ಸತ್ತೈತಿ ಅಂತ ಅರ್ಥ, ಮನುಷ್ಯ ಅಲ್ಲ” ಅಂತ ಮಗ ವಾದಿಸಿದ. ಅದನ್ನು ನೋಡಿದವರಿಗೆ ಯಾರು ಅರ್ಥ ಬಿಡಿಸಿ ಹೇಳುತ್ತಾರೆ? ಪಾವಗಡದಲ್ಲಿದ್ದ ಬೀಗರ ಅಕ್ಕ ಎದೆ ಬಡಿದುಕೊಂಡು ಬಸ್ಸು ಹತ್ತಿ ತಮ್ಮನ ಮನೆಗೆ ಬಂದರೆ, ತಮ್ಮ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದನಂತೆ. ಆ ಮುದುಕಿ ಅಲ್ಲೇ ಕುಸಿದಳಂತೆ. ಇದನ್ನು ಮಗಳಿಗೆ ಫೋನಿನಲ್ಲಿ ಹೇಳಿದ್ದು ಪಕ್ಕದ ಮನೆಯವಳು, ಅತ್ತೆ ಅಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಎರಡು ದಿನ ಅವರ ಕಡೆಯಿಂದ ಬೈಗುಳ ಬರಲಿ ಅಂತ ನಾನು ಕಾದೆ. ಬೈದರೆ ಸಮ ಆಗುತ್ತದೆ. ಬಂದಿದ್ದು ಅಳಿಯನ ವಾಯ್ಸ್ ಮೆಸೇಜು. ಮಗ ದೊಡ್ಡದಾಗಿ ಹಾಕಿ ಎಲ್ಲರಿಗೂ ಕೇಳಿಸಿದ. ಬಹಳ ಮೆತ್ತಗಿನ ದನಿ: “ನೀವು ಮಾಡಿದ್ದು ಸರಿಯಾಗೈತೆ ರೀ. ನೀವು ದೊಡ್ಡೋರು ರೀ. ನಾವು ಏನೂ ಅನ್ನಲ್ಲ ರೀ.”

ನಮ್ಮ ಮನೆಯವರು ತೊಡೆ ತಟ್ಟಿದರು. “ಕೇಳಿದ್ರೇನು? ಸೋತ ಮ್ಯಾಲೆ ಮರ್ಯಾದಿ ಕಲ್ತ! ಎಷ್ಟು ‘ರೀ’ ಬಂದ್ವು ನೋಡು ಬಾಯಾಗ!”

ಮಗಳು ನೆಲದ ಮೇಲೆ ಕೂತುಬಿಟ್ಟಳು. “ಅಪ್ಪ, ನಗಬ್ಯಾಡ್ರಿ. ಅವರೂರಾಗ ಹಂಗ ಅಂದ್ರ ಮುಗೀತು ಅಂತ. ನಮ್ಮತ್ತಿ ತನ್ನ ತಮ್ಮನ ಜೋಡಿ ಹೊಲದ ಜಗಳ ಆದಾಗಿಂದ ‘ನೀವು’ ಅಂತಾಳ. ಇವತ್ತಿಗೂ ಆ ಮನಿ ನೀರು ಮುಟ್ಟಿಲ್ಲ.”

ಮಗಳು ಗಂಡನಿಗೆ ಫೋನು ಹಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ. ಯಾವಾಗಲೂ “ಏನೇ, ಉಂಡ್ಯಾ?” ಅನ್ನುತ್ತಿದ್ದವನು ಆ ಕಡೆಯಿಂದ “ಹೇಳಿ” ಅಂದ. ಅಷ್ಟೇ. ಕಟ್ಟಿಕೊಂಡ ಹೆಂಡತಿಗೆ “ಹೇಳಿ”. ಅವಳು ಫೋನು ಇಟ್ಟಳು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಅವನು ಹೆಂಡತಿಯನ್ನೇ ಬಿಟ್ಟರೆ? ಕೂಸು ಹುಟ್ಟಿದ ಮೇಲೆ ನೋಡಲು ಬರದಿದ್ದರೆ? ಇಲ್ಲ, ಬಂದು ಕೂಸನ್ನು ಮಾತ್ರ ಎತ್ತಿಕೊಂಡು ಹೋದರೆ? ನೇಮಕಲ್ಲು ಆಂಜನೇಯನಿಗೆ ಹರಕೆ ಹೊತ್ತೆ. ಎರಡೂ ಮನೆಗೆ ಬೇಕಾದ ಒಬ್ಬ ಹಿರಿಯರನ್ನು ಮಾತಿಗೆ ಕಳಿಸಿದೆ. ಬೀಗರು ಅವರಿಗೆ ಕಾಫಿ ಕೊಟ್ಟು ತೆಲುಗಿನಲ್ಲಿ ಒಂದೇ ಮಾತು ಹೇಳಿ ಕಳಿಸಿದರಂತೆ: “ವಿಯ್ಯಾನಿಕೈನಾ ಕಯ್ಯಾನಿಕೈನಾ ಸಮವುಜ್ಜೀ ಉಂಡಾಲಿ.” ಬೀಗತನಕ್ಕಾದರೂ ಜಗಳಕ್ಕಾದರೂ ಸರಿಸಮ ಇರಬೇಕು. ನಾವು ಅವರಿಗೆ ಎರಡಕ್ಕೂ ಲಾಯಕ್ಕಿಲ್ಲ ಅಂತ. ಮಗನಿಗೆ ಸ್ಟೇಟಸ್ಸು ತೆಗೆಯೋ, ಹೋಗಿ ಕಾಲು ಹಿಡಿಯೋ ಅಂದೆ. ಸ್ಟೇಟಸ್ಸು ತೆಗೆದ. ಕಾಲು ಹಿಡಿಯಲಿಲ್ಲ. “ಅವನು ಮೊದಲು ನನ್ನ ಎತ್ತಲಿಲ್ಲ” ಅಂದ. ಇನ್ನೂ ಆಟದ್ದೇ ಮಾತು!

ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ಮಗಳಿಗೆ ನೋವು ಸುರುವಾಯಿತು. ದವಾಖಾನೆಗೆ ಸೇರಿಸಿದೆವು. ಬೀಗರಿಗೆ ತಿಳಿಸಬೇಕು ಅಂದರೆ ನಮ್ಮ ಮನೆಯವರು ಗೋಡೆ ನೋಡಿದರು, ಮಗ ಚಪ್ಪಲಿ ನೋಡಿದ. ನಾನೇ ಫೋನು ಹಚ್ಚಿದೆ. ಎತ್ತಿದ್ದು ಬೀಗರು.

“ನೋವು ಬಂದೈತ್ರಿ. ದವಾಖಾನ್ಯಾಗ ಅದೀವಿ. ಚೊಚ್ಚಲ ನೋಡ್ರಿ, ನನಗ ಅಂಜಿಕಿ ಆಗೈತ್ರಿ.”

ಆ ಕಡೆ ಅವರು ಹೆಂಡತಿಯನ್ನು ಕೂಗಿ ಕರೆದರು. ಆಮೇಲೆ, “ಬರ್ತೀವಿ. ಹುಡುಗ್ರನ್ನ ಕಟ್ಕಂಡೇ ಬರ್ತೀವಿ. ರಕ್ತದ ಮಾತು ಬಂದ್ರೂ ನಾವು ರೆಡಿ ರೀ” ಅಂದು ಇಟ್ಟರು.

ರಕ್ತದ ಮಾತು! ನಾನು ಹೋಗಿ ಮನೆಯವರಿಗೆ ಹೇಳಿದೆ. ಅವರು ಮಗನಿಗೆ ಹೇಳಿದರು. ಮಗ ಫೋನು ತೆಗೆದು ತನ್ನವರನ್ನೆಲ್ಲ ಕರೆದ. ಮಧ್ಯಾಹ್ನದ ಹೊತ್ತಿಗೆ ಗೇಟಿನ ಹತ್ತಿರ ಒಂದು ಜೀಪು, ಅದರ ಸುತ್ತ ಹುಡುಗರು. ಕೆಲವರ ಹೆಗಲ ಮೇಲೆ ಪಾರ್ಟಿ ಟವೆಲ್ಲು. ಅವರ ಮುಖ ನನಗೆ ಗೊತ್ತು, ನನ್ನ ಕೈಯ ಮಂಡಕ್ಕಿ ತಿಂದು ಬೆಳೆದವರು. ಅಂದು ಯಾರೋ ಬೇರೆಯವರ ಹಾಗೆ ಕಂಡರು. ಒಳಗೆ ಮಗಳ ನರಳಾಟ, ಹೊರಗೆ ಇವರು. ನಾನು ಬಾಗಿಲಿನಿಂದ ಗೇಟಿಗೆ, ಗೇಟಿನಿಂದ ಬಾಗಿಲಿಗೆ ತಿರುಗಿದೆ. ಎರಡು ಕಡೆಯೂ ಸಾವೇ ಕಾಣುತ್ತಿತ್ತು ನನಗೆ.

ಬಿಸಿಲು ಇಳಿಯುವಾಗ ಡಾಕ್ಟರಮ್ಮ ಹೊರಗೆ ಬಂದು ತೆಲುಗಿನಲ್ಲಿ ಬೇಗ ಬೇಗ ಹೇಳಿದಳು. ಕೂಸಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಬೇಕಾಗಬಹುದು, ಇಲ್ಲಿ ಆಗುವುದಿಲ್ಲ, ಬಳ್ಳಾರಿಗೆ ಒಯ್ಯಿರಿ, ಈಗಲೇ. ಆಂಬುಲೆನ್ಸು ಒಳಗೇ ನಿಂತಿತ್ತು. ಡ್ರೈವರು ಏರಿ ಹಾರನ್ ಹೊಡೆದ. ಗೇಟಿನ ಕಡೆ ನೋಡಿದರೆ, ಮಡಕಶಿರಾದ ಜೀಪು ಬಂದು ಮೂತಿಯನ್ನು ಗೇಟಿನೊಳಗೆ ತೂರಿಸಿ ನಿಂತಿದೆ. ನಮ್ಮವರ ಜೀಪು ಒಳಗಿನಿಂದ ಅದರ ಮೂತಿಗೆ ಮೂತಿ ಹಚ್ಚಿ ನಿಂತಿದೆ. ಇರುವುದು ಒಂದೇ ಗೇಟು.

“ಗಾಡಿ ಹಿಂದಕ್ಕ ತಗೀರಿ” ಅನ್ನುತ್ತಿದ್ದ ನನ್ನ ಮಗ.

“ನೀವೇ ತಗೀರಿ. ಅಡ್ಡ ಹಾಕಿರೋರು ನೀವು ರೀ” ಅಂದ ಅಳಿಯ.

“ಇದು ರಾಯದುರ್ಗ ರೀ.”

“ಗೊತ್ತೈತೆ ರೀ. ಬೋರ್ಡ್ ಓದ್ಕಂಡೇ ಬಂದ್ವಿ ರೀ.”

ಅಷ್ಟು ‘ರೀ’ಗಳನ್ನು ನಾನು ಯಾವ ಮದುವೆಯಲ್ಲೂ ಕೇಳಿಲ್ಲ. ಒಬ್ಬೊಬ್ಬರೂ ಹಲ್ಲು ಕಚ್ಚಿ ಮರ್ಯಾದೆ ಕೊಡುತ್ತಿದ್ದರು. ಆಂಬುಲೆನ್ಸಿನ ಹಾರನ್ನು ಅವರಿಗೆ ಕೇಳುತ್ತಿಲ್ಲವೋ, ಕೇಳಿಯೂ ನೀನು ಮೊದಲು ಅನ್ನುತ್ತಿದ್ದರೋ! ಹಿಂದಕ್ಕೆ ತೆಗೆದವನು ಸೋತಂತೆ. ಆ ಆಂಬುಲೆನ್ಸು ಯಾರಿಗೆ ಅಂತ ಇಬ್ಬರಿಗೂ ತಿಳಿದಿಲ್ಲ.

ನಾನು ಬರಿಗಾಲಲ್ಲಿ ಓಡಿದೆ. ಅಳಿಯನ ಮುಂದೆ ಕೈ ಮುಗಿದು, “ಅಳಿಯಂದ್ರ, ದಾರಿ ಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನ್ರಿ” ಅಂದೆ.

ಅವನು ನನ್ನ ಮುಖ ನೋಡಲಿಲ್ಲ. “ನಿಮ್ ಮಗನಿಗೆ ಹೇಳಿ ರೀ” ಅಂದ.

ಆಗ ನನ್ನೊಳಗೆ ಏನು ಹೊಕ್ಕಿತೋ. ನಾನು ಯೋಚನೆ ಮಾಡಿ ಆಡಿದ ಮಾತಲ್ಲ ಅದು. ನಮ್ಮ ಸೀಮೆಯಲ್ಲಿ ಯಾವ ಅತ್ತೆಯೂ ಅಳಿಯನಿಗೆ ಆಡದ ಮಾತು. ಅವನ ಅಂಗಿ ಹಿಡಿದು ಜಗ್ಗಿ ಕೂಗಿದೆ: “ಲೇ! ಏನ್ ಹೇಳ್ಲಿ ಅವನಿಗೆ? ಹುಚ್ಚ ಅವನು. ನೀನೂ ಹುಚ್ಚನೇನೋ? ನಿನ್ನ ಹೆಂಡ್ತಿ ಒಳಗ ಸಾಯಾಕ ಬಿದ್ದಾಳ. ಕೂಸಿನ ಎದಿ ನಿಲ್ಲಾಕತ್ತೈತಿ. ಗಾಡಿ ತಗಿಯೋ ನಮ್ಮಪ್ಪ! ತಗಿಯೋ!”

ನಮ್ಮ ಮನೆಯವರು ಎರಡೂ ಕೈ ತಲೆ ಮೇಲೆ ಇಟ್ಟುಕೊಂಡರು. ಅಳಿಯನಿಗೆ ‘ಲೇ’ ಅನ್ನುವುದೂ ಒಂದೇ, ಅವನ ಕೆನ್ನೆಗೆ ಹೊಡೆಯುವುದೂ ಒಂದೇ. ಎಲ್ಲ ಮುಗಿಯಿತು, ಈಗ ಅವನು ಜೀಪು ತಿರುಗಿಸಿಕೊಂಡು ಹೋಗೇ ಬಿಡುತ್ತಾನೆ, ನನ್ನ ಕೈಯಾರೆ ಮಗಳ ಬಾಳು ಮುಗಿಸಿದೆ ಅಂದುಕೊಂಡೆ. ಅಂಗಿ ಬಿಡಲು ಹೋದರೆ ಬೆರಳು ಬಿಚ್ಚಲಿಲ್ಲ.

ಅವನು ನನ್ನ ಮುಖ ನೋಡಿದ. ಬಿಗಿದಿದ್ದ ಗದ್ದ ಸಡಿಲಾಯಿತು. ಸಣ್ಣ ಹುಡುಗನ ದನಿಯಲ್ಲಿ, “ತೆಗ್ದೆ ಕಣತ್ತೆ. ತೆಗ್ದೆ ಇರು. ಎಲ್ಲವ್ಳೆ ಅವ್ಳು?” ಅಂದ.

ಕಣತ್ತೆ ಅಂದ! ನನ್ನ ಕಿವಿಯಲ್ಲಿ ಇವತ್ತಿಗೂ ಇದೆ ಅದು. ಅವನು ಏರಿ ಜೀಪು ಹಿಂದಕ್ಕೆ ತೆಗೆದ ರಭಸಕ್ಕೆ ಹಿಂದಿನ ಗಾಲಿ ಚರಂಡಿಗೆ ಇಳಿಯಿತು. ಜೀಪು ಅರ್ಧ ಗೇಟಿನಲ್ಲೇ ವಾಲಿ ನಿಂತಿತು. ಈಗ ಹೊರಗೂ ಇಲ್ಲ, ಒಳಗೂ ಇಲ್ಲ. ನನ್ನ ಮಗ ಒಂದು ಗಳಿಗೆ ನಿಂತ. ಆಮೇಲೆ ಪ್ಯಾಂಟು ಮೇಲಕ್ಕೆ ಮಡಚಿ ಚರಂಡಿಗೆ ಇಳಿದು ಹೆಗಲು ಕೊಟ್ಟ. “ಏನ್ ನೋಡ್ತೀರಲೇ, ನೂಕ್ರಲೇ!” ಅಂತ ತನ್ನವರನ್ನು ಕೂಗಿದ. ಎರಡು ಕಡೆಯ ಹುಡುಗರೂ ಇಳಿದರು. ಕೆಸರು ಸಿಡಿಯಿತು, ಟವೆಲ್ಲುಗಳ ಬಣ್ಣ ಯಾವುದು ಅಂತ ತಿಳಿಯದ ಹಾಗೆ ಆಯಿತು. ಜೀಪು ಎದ್ದಿತು, ನಮ್ಮವರದೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಜೀಪಿನ ಹಿಂದಿನ ಬಾಗಿಲು ತೆಗೆದು ಬೀಗಿತ್ತಿ ಇಳಿದಳು. ಕಂಕುಳಲ್ಲಿ ಹಳೆ ಸೀರೆಯ ಗಂಟು. ಅವಳು ಅದರಲ್ಲಿದ್ದಾಳೆ ಅಂತ ನಾವು ಯಾರೂ ನೋಡಿರಲೇ ಇಲ್ಲ. ಬೀಗರು ತೋಳು ಮೇಲಕ್ಕೆ ಸರಿಸುತ್ತ ನನ್ನ ಹತ್ತಿರ ಬಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಎಲ್ ಕೊಡ್ಬೇಕಮ್ಮ ರಕ್ತ? ಇಲ್ಲೋ, ಬಳ್ಳಾರೀಲೋ? ಇವ್ರೆಲ್ಲ ಕೊಡಕ್ಕೇ ಬಂದವ್ರೆ. ಬೆಳಿಗ್ಗೆಯಿಂದ ಒಬ್ಬನಿಗೂ ಬೀಡಿ ಸೇದಕ್ಕೆ ಬಿಟ್ಟಿಲ್ಲ ನಾನು.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಅಲ್ಲೇ ಕಟ್ಟೆಯ ಮೇಲೆ ಕುಸಿದೆ. “ನೀವು ಫೋನಿನಾಗ ರಕ್ತ ಅಂದ್ರಲ್ರಿ… ನಾವು ಹೊಡ್ದಾಡಾಕ ಬರ್ತೀರಿ ಅಂತ…”

ಬೀಗಿತ್ತಿ ಗಂಟು ಇಳಿಸಿ ಸೊಂಟಕ್ಕೆ ಕೈ ಇಟ್ಟಳು. “ಹೊಡ್ದಾಡಕ್ಕೆ ಬರೋರು ಬಾಣಂತಿಗೆ ಬೆಳ್ಳುಳ್ಳಿ ಮೆಣಸು ಕಟ್ಕಂಡು ಬತ್ತಾರೇನಮ್ಮ? ಸಿಟ್ಟು ನಿಮ್ ಮೇಲೆ. ನನ್ ಸೊಸೆ ಏನ್ ಮಾಡಿದ್ಲು?”

ಅಳಿಯ ಅಷ್ಟರಲ್ಲಿ ಒಳಗೆ ಓಡಿದ್ದ. ನಾವು ಹಿಂದೆ ಓಡಿದೆವು. ಮಗಳನ್ನು ಗಾಲಿ ಮಂಚದ ಮೇಲೆ ಬಾಗಿಲ ತನಕ ತಂದಿದ್ದರು. ಅವಳು ಗಂಡನ ಕೈ ಹಿಡಿದು ಒಂದು ಕೂಗು ಕೂಗಿದಳು. ಡಾಕ್ಟರಮ್ಮ ಬಗ್ಗಿ ನೋಡಿ, “ತಲ ಕನಿಪಿಸ್ತಾ ಉಂದಿ! ಲೋಪಲಿಕಿ, ಲೋಪಲಿಕಿ!” ಅಂದಳು. ತಲೆ ಕಾಣುತ್ತಿದೆ, ಒಳಗೆ ತನ್ನಿ ಅಂತ. ಮಂಚವನ್ನು ಹಿಂದಕ್ಕೆ ನೂಕಿದರು. ಬಾಗಿಲು ಹಾಕಿದರು.

ಮಗಳ ದನಿ ನಿಂತಿತು. ಕೂಸಿನ ದನಿ ಬರಲಿಲ್ಲ.

ನಾನು ಆ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದೆ. ಒಳಗೆ ಪಟ್ ಪಟ್ ಅಂತ ತಟ್ಟುವ ಸದ್ದು, ಏನೋ ಎಳೆಯುವ ಮಿಷನ್ನಿನ ಸದ್ದು. ದಿನವೆಲ್ಲ ಅಂಜಿದ್ದು ಅಂಜಿಕೆಯೇ ಅಲ್ಲ, ಇದು ಅಂಜಿಕೆ. ಅಳಿಯನೂ ಮಗನೂ ಕೆಸರು ಮೆತ್ತಿದ ಕೈಯಲ್ಲಿ ಒಬ್ಬರ ಪಕ್ಕ ಒಬ್ಬರು ನಿಂತಿದ್ದರು. ಆಮೇಲೆ ಒಳಗೆ ಬೆಕ್ಕಿನ ಮರಿಯ ಹಾಗೆ ಒಂದು ಸದ್ದು. ಮತ್ತೊಂದು. ಆಮೇಲೆ ಕೂಸು ದವಾಖಾನೆಯೇ ಎದ್ದು ಕೂಡುವ ಹಾಗೆ ಅತ್ತಿತು. ಅಳಿಯ ಮಗನ ಹೆಗಲಿಗೆ ಮುಖ ಇಟ್ಟ. ಅಂಗಿ ಎಲ್ಲ ಕೆಸರಾಯಿತು ಅಂತ ಮಗ ಅಂದ, ಅವನ ಅಂಗಿ ಮೊದಲೇ ಕೆಸರಾಗಿತ್ತು.

ಕೂಸನ್ನು ನೋಡಿ ಬಂದ ಮೇಲೆ ಮಗ ಬೀಗರ ಎದುರು ತಲೆ ತಗ್ಗಿಸಿ ನಿಂತ. “ತಪ್ಪಾತ್ರಿ. ಆ ಫೋಟೋ…”

“ಫೋಟೋ ಬಿಡು” ಅಂದರು ಬೀಗರು. “ನನ್ ತಿಥಿ ಊಟ ಎಲ್ಲಯ್ಯ? ಹಾರ ಹಾಕ್ದೆ, ಸಾಯಿಸ್ದೆ, ಪಾವಗಡದಿಂದ ನಮ್ಮಕ್ಕನ್ನೂ ಅಳ್ಸಿ ಕರೆಸ್ದೆ. ಊಟ ಹಾಕೋನು ಯಾರು? ಬೆಳಿಗ್ಗೆಯಿಂದ ಉಪಾಸ ಇದೀವಿ, ನಾನೂ, ರಕ್ತ ಕೊಡೋ ಈ ನನ್ ಮಕ್ಳೂ.”

ನಮ್ಮ ಮನೆಯವರ ಮುಖ ಸಣ್ಣದಾಯಿತು. ಅವರು ಬಾಯಿ ತೆರೆದರು, 'ತಪ್ಪಾತು' ಅನ್ನುತ್ತಾರೇನೋ ಅಂದುಕೊಂಡೆ. ಅನ್ನಲಿಲ್ಲ. “ಏ, ಹೋಗಿ ಮನ್ಯಾಗ ಒಲಿ ಹಚ್ಚು” ಅಂತ ನನ್ನ ಮೇಲೆ ರೇಗಿದರು. ಅವರ ‘ತಪ್ಪಾಯ್ತು’ ಇರುವುದು ಹಾಗೇ, ನಾನು ಬಲ್ಲೆ.

ನಾನೂ ಬೀಗಿತ್ತಿಯೂ ಮನೆಗೆ ಹೋಗಿ ಒಲೆ ಮುಂದೆ ಕೂತೆವು. ಓಣಿಯವರು ಜೋಳದ ರೊಟ್ಟಿ ಬಡಿದುಕೊಟ್ಟರು, ನಾನು ಹೆಸರುಕಾಳು ಪಲ್ಯ ಮಾಡಿದೆ. ರೊಟ್ಟಿಯಿಂದ ತಮ್ಮ ಹುಡುಗರ ಹೊಟ್ಟೆ ತುಂಬುವುದಿಲ್ಲ ಅಂತ ಬೀಗಿತ್ತಿ ರಾಗಿ ಹಿಟ್ಟು ಹುಡುಕಿಸಿ ಮುದ್ದೆ ತೊಳಸಿದಳು. ಎಲ್ಲ ಹೊತ್ತುಕೊಂಡು ದವಾಖಾನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಕಾಂಪೌಂಡಿನ ಬೇವಿನ ಮರದ ಕೆಳಗೆ ತಾಡಪಾಲು ಹಾಸಿ ಎಲ್ಲರೂ ಕೂತರು. ನರ್ಸಮ್ಮ ಬಂದು, “ಇದು ಆಸ್ಪತ್ರೆನಾ, ಮದುವೆ ಮಂಟಪನಾ?” ಅಂತ ಬೈದು, ತನಗೂ ಒಂದು ರೊಟ್ಟಿ ಸುತ್ತಿಕೊಂಡು ಹೋದಳು.

ಮಗಳ ಮಂಚ ಕಿಟಕಿಯ ಪಕ್ಕವೇ ಇತ್ತು. ಮೆಣಸಿನ ಸಾರು ಅನ್ನವನ್ನು ಅವಳು ಒಳಗೆ ಉಣ್ಣುತ್ತಿದ್ದಳು. ಅಳಿಯ ಕಿಟಕಿಯ ಹೊರಗೆ ನಿಂತು ತಾಟು ಹಿಡಿದಿದ್ದ. “ಇನ್ನೊಂಚೂರು ತಿನ್ನೇ” ಅನ್ನುವುದು ಕೇಳಿಸಿತು.

ಇತ್ತ ಬೀಗರು ಇಬ್ಬರೂ ಆಗಲೇ ಪಂಚಾಯ್ತಿ ಎಲೆಕ್ಷನ್ನಿನ ಮಾತಿಗೆ ಇಳಿದಿದ್ದರು. ದನಿ ಏರುತ್ತಿತ್ತು. ಮಗನ ಫೋನು ಕಿಣಿಕಿಣಿ ಅಂದಿತು, ಅವನು ಅದರ ಕಡೆ ನೋಡಿದ, ಅಳಿಯನೂ ನೋಡಿದ. ಸುಳ್ಳು ಯಾಕೆ ಹೇಳಲಿ, ಸಂತೋಷ ಗಂಟಲ ತನಕ ತುಂಬಿದ್ದರೂ ಅಂಜಿಕೆ ಅದರ ಪಕ್ಕದಲ್ಲೇ ಕೂತಿತ್ತು. ಕೂತಿರಲಿ ಅಂದುಕೊಂಡೆ. ಬೆಳಗಿನಿಂದ ಒಂದು ತುತ್ತು ಒಳಗೆ ಹೋಗಿರಲಿಲ್ಲ. ರೊಟ್ಟಿ ಮುರಿದು ತಾಟಿನಲ್ಲೇ ಇಟ್ಟು ಆ ಫೋನನ್ನೇ ನೋಡುತ್ತ ಕೂತೆ. ಬೀಗಿತ್ತಿ ನನ್ನ ತಾಟು ತನ್ನ ಕಡೆ ಎಳೆದುಕೊಂಡು, ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಪಲ್ಯದ ರಸದಲ್ಲಿ ಅದ್ದಿ ಇಟ್ಟಳು. “ಅಗೀಬ್ಯಾಡ, ನುಂಗು” ಅಂದಳು. ನುಂಗಿದೆ. ಬಿಸಿ ಇತ್ತು. ಇನ್ನೊಂದು ನುಂಗಿದೆ.